ಬದನೆಕಾಯಿ ಮುಂದೆ ಮುಕ್ಕಾಲು ಗಂಟೆ

ಒಂದು ಬದನೆಕಾಯಿಯನ್ನು ನೀವು ಯಾವತ್ತಾದರೂ ಮುಕ್ಕಾಲು ಗಂಟೆ ಕಣ್ಣು ಕೀಳದೆ ನೋಡಿದ್ದೀರಾ? ಇಲ್ಲ ತಾನೇ! ನಾನು ನೋಡಿದ್ದೇನೆ. ಅದೂ ಭಾನುವಾರ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ. ಕಿಟಕಿಯಾಚೆಯಿಂದ ತುಪ್ಪದ ವಾಸನೆ ತೇಲಿ ಬರುತ್ತಿತ್ತು. ಮಾವಳ್ಳಿ ಅಂದಮೇಲೆ ಕೇಳಬೇಕೆ? ಲಾಲ್‌ಬಾಗ್ ರಸ್ತೆಯಲ್ಲಿ ಎಂ.ಟಿ.ಆರ್. ಮುಂದೆ ಜನ ಹೆಸರು ಬರೆಸಿ ಕಾಯುತ್ತಿರುತ್ತಾರೆ. ನಾನು ಮಾತ್ರ ದೊಡ್ಡ ಮಾವಳ್ಳಿಯ ಒಂದು ವಠಾರದ ಮಹಡಿಯಲ್ಲಿ, ಚಾಪೆ ಮೇಲೆ ಚಕ್ಕಂಬಕ್ಕಳ ಹಾಕಿಕೊಂಡು ಬದನೆಕಾಯಿಯ ಧ್ಯಾನ ಮಾಡುತ್ತಿದ್ದೆ.

"ಏನು ಕಾಣಿಸ್ತು?" ಅಂದರು ಮೇಷ್ಟ್ರು.

"ಬದನೆಕಾಯಿ, ಮೇಷ್ಟ್ರೇ."

"ಅದು ಅಡುಗೆಯವನಿಗೆ ಕಾಣೋದು. ನಿನಗೇನು ಕಾಣಿಸ್ತು?"

ನಾನು ಪಿಳಿಪಿಳಿ ಕಣ್ಣು ಬಿಟ್ಟೆ.

ಸಿನಿಮಾ ಪತ್ರಿಕೆಯಲ್ಲಿ ಬದನೆಕಾಯಿಗೇನು ಕೆಲಸ ಅಂತ ಪುಟ ತಿರುಗಿಸಿಬಿಡಬೇಡಿ. ನಿಮ್ಮ ಬಸ್ಸು ಹೊರಡೋದಕ್ಕೆ ಇನ್ನೂ ಹೊತ್ತಿದೆ. ನಾನು ಅಲ್ಲಿಗೆ ಹೋದದ್ದೂ ಸಿನಿಮಾ ಕೆಲಸದ ಮೇಲೇ. "ಹಳೇ ಬ್ಯಾನರ್ ಕಲಾವಿದರು ಯಾರಾದರೂ ಇದ್ದರೆ ಹಿಡಿ, ನಾಲ್ಕು ಕಾಲಂ ಬರೆ" ಅಂತ ಸಂಪಾದಕರು ಹೇಳಿದ್ದರು. ಕೆಂಪೇಗೌಡ ರಸ್ತೆಯಲ್ಲಿ ಸಾಗರ್, ನರ್ತಕಿ, ತ್ರಿಭುವನ್ ಅಂತ ಸಾಲುಸಾಲು ಟಾಕೀಸುಗಳು ಮೆರೆಯುತ್ತಿದ್ದ ಕಾಲವನ್ನು ನಿಮ್ಮ ತಂದೆಯವರನ್ನು ಕೇಳಿ, ಹೇಳುತ್ತಾರೆ. ನಲವತ್ತು ಅಡಿ ಕಟೌಟು! ಸರ್ವೆ ಮರ ಕಟ್ಟಿ, ಪ್ಲೈವುಡ್ ಹೊಡೆದು, ಅದರ ಮೇಲೆ ಅಣ್ಣಾವ್ರನ್ನು ನಿಲ್ಲಿಸಿದರೆ ಬಸ್ಸಿನಲ್ಲಿ ಹೋಗುವವರೂ ಕುತ್ತಿಗೆ ಹೊರಗೆ ಹಾಕಿ ಕೈ ಮುಗಿಯುತ್ತಿದ್ದರು. ಅದೆಲ್ಲ ಕೈಯಲ್ಲಿ ಬರೆದದ್ದು ಸ್ವಾಮಿ. ಅಂಗೈಯಗಲದ ಒಂದು ಸ್ಟಿಲ್ ಫೋಟೋ ಮೇಲೆ ಚೌಕ ಎಳೆಯೋದು, ಬಟ್ಟೆಯ ಮೇಲೆ ಅಷ್ಟೇ ಲೆಕ್ಕದ ದೊಡ್ಡ ಚೌಕ, ಒಂದೊಂದು ಚೌಕದಲ್ಲಿ ಇದ್ದದ್ದನ್ನು ಇಲ್ಲಿಗೆ ಎತ್ತಿ ಇಡೋದು. ಹಿನ್ನೆಲೆ, ಸೀರೆ, ಕೋಟು ಹುಡುಗರ ಪಾಲು. ಮುಖ ಮಾತ್ರ ಹಿರಿಯ ಕೈಯದು. ನಮ್ಮ ಎಂ.ಎಫ್. ಹುಸೇನ್ ಕೂಡ ಮೊದಲು ಮುಂಬಯಿಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದೇ ಹೊಟ್ಟೆ ಹೊರೆದವರು, ನೆನಪಿರಲಿ.

ಆಮೇಲೆ ಫ್ಲೆಕ್ಸ್ ಬಂತು. ದಿನಗಟ್ಟಲೆ ಕೂತು ಬರೆಯುವ ಮುಖವನ್ನು ಯಂತ್ರ ಕಾಫಿ ಕುಡಿದು ಬರುವಷ್ಟರಲ್ಲಿ ಉಗುಳಿತು. 2018ರಲ್ಲಿ ಹೈಕೋರ್ಟು ಗದರಿಸಿದ ಮೇಲೆ ಬೆಂಗಳೂರಿನ ಫ್ಲೆಕ್ಸುಗಳನ್ನೆಲ್ಲ ಕಿತ್ತರಲ್ಲ, ಆಗ "ಇನ್ನು ಕುಂಚ ವಾಪಸ್ ಬರುತ್ತೆ" ಅಂತ ನನ್ನಂಥವರು ಬರೆದದ್ದೇ ಬರೆದದ್ದು. ಮೇಷ್ಟ್ರ ಬಾಗಿಲನ್ನು ಯಾರೂ ತಟ್ಟಲಿಲ್ಲ. ತಟ್ಟಿದವನು ನಾನೊಬ್ಬನೇ, ಅದೂ ನೋಟ್‌ಬುಕ್ ಹಿಡಿದುಕೊಂಡು.

"ನನ್ನ ಬಗ್ಗೆ ಬರೀತೀಯಾ? ನೆರಳು ಎಲ್ಲಿ ಬೀಳುತ್ತೆ ಅಂತ ಗೊತ್ತೇನಪ್ಪಾ ನಿನಗೆ?"

ನಾನು ಸುಮ್ಮನಿರಬೇಕಿತ್ತು. ಜಂಭ ಕೇಳಬೇಕಲ್ಲ! ಮೊಬೈಲ್ ತೆಗೆದು ನಾನೇ ಬರೆದಿದ್ದ ಪುನೀತ್ ಚಿತ್ರ ತೋರಿಸಿದೆ. 2021ರ ಅಕ್ಟೋಬರ್ 29ರ ನಂತರ ನಮ್ಮ ಬೀದಿಯಲ್ಲಿ ಪೆನ್ಸಿಲ್ ಹಿಡಿಯಲು ಬರುವವರೆಲ್ಲ ಅಪ್ಪುವನ್ನು ಬರೆದರು. ನಾನೂ ಒಂದು ರಾತ್ರಿ ಕೂತು ಬರೆದಿದ್ದೆ. ನೂರಾರು ಜನ ಮೆಚ್ಚಿದ್ದರು. ಮೇಷ್ಟ್ರು ಕನ್ನಡಕ ಹಣೆಗೇರಿಸಿ ನೋಡಿ, ಒಂದೇ ಮಾತು ಹೇಳಿದರು: "ಹಪ್ಪಳ."

"ಏನಂದ್ರಿ?"

"ಗೆರೆ ಸರಿಯಾಗಿದೆ. ಆದರೆ ಹಪ್ಪಳ. ಮನುಷ್ಯನ ತಲೆಗೆ ಹಿಂಭಾಗ ಅಂತ ಒಂದಿರುತ್ತೆ. ನಿನ್ನ ಚಿತ್ರದಲ್ಲಿ ಅದಿಲ್ಲ. ಭಾನುವಾರ ಬಾ. ಮಾರ್ಕೆಟ್ಟಿನಿಂದ ಒಂದು ಬದನೆಕಾಯಿ ತಗೊಂಡು ಬಾ. ಬೀಜದ್ದು ಬೇಡ, ಎಳೇದು."

ಹೀಗೆ ಶುರುವಾಯಿತು ನನ್ನ ವಿದ್ಯಾಭ್ಯಾಸ. ಸಂದರ್ಶನ? ಅದರ ಮಾತೇ ಇಲ್ಲ. "ಮೊದಲು ಬರೆಯೋದು ಕಲಿ, ಆಮೇಲೆ ಬರೆಯುವಿಯಂತೆ" ಅನ್ನುತ್ತಿದ್ದರು. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಇರುವುದು ನನ್ನ ಗ್ರಹಚಾರ.

ಬದನೆಕಾಯಿಯಲ್ಲಿ ನಾನು ಸೋತೆ. ಯಾಕೆ ಅಂತೀರಾ? ಅದರ ಬಣ್ಣವೇ ಕಪ್ಪು. ಎಲ್ಲಿ ಬಣ್ಣ ಮುಗಿದು ಎಲ್ಲಿ ನೆರಳು ಶುರು ಅಂತ ಗೊತ್ತಾಗದೆ ಇಡೀ ಕಾಯಿಗೆ ಮಸಿ ಬಳಿದೆ. ರಸ್ತೆ ಗುಂಡಿಯ ಹಾಗೆ ಕಾಣುತ್ತಿತ್ತು! ಮೇಷ್ಟ್ರು ನಗಲಿಲ್ಲ. ಎದ್ದು ಹೋಗಿ ಮೂಲೆಯಿಂದ ಒಂದು ತೆಂಗಿನಕಾಯಿ ತಂದರು. ಸುಲಿದ ಕಾಯಿ, ಮೇಲೆ ಬಿಳಿ ಡಿಸ್ಟೆಂಪರ್ ಬಳಿದಿದ್ದರು. "ಬಣ್ಣ ನಿನ್ನ ಕಣ್ಣು ಕೆಡಿಸ್ತಾ ಇದೆ. ಇದಕ್ಕೆ ಬಣ್ಣವೇ ಇಲ್ಲ. ಈಗ ನೋಡು." ಹಿಂದೆ ಎಷ್ಟು ಹುಡುಗರು ಆ ಕಾಯಿಯ ಮುಂದೆ ಕೂತು ಬೆವರಿಳಿಸಿದ್ದರೋ!

ಬಲಗಡೆ ಕಿಟಕಿ. ಎಡಗಡೆ ಗೋಡೆ. ಕೆಳಗೆ ಬಿಳಿ ಪಂಚೆ. "ಕಣ್ಣು ಕಿರಿದು ಮಾಡು" ಅಂದರು. ಮಾಡಿದೆ. ಚೂರುಪಾರು ಎಲ್ಲ ಅಳಿಸಿಹೋಗಿ ದೊಡ್ಡ ಬೆಳಕು, ದೊಡ್ಡ ಕತ್ತಲು ಎರಡೇ ಉಳಿದವು. ಮೊದಲು ಆ ಎರಡನ್ನೇ ಬರೆಯಬೇಕು. ಆಮೇಲೆ ಒಳಗೆ ಹೋಗಬೇಕು. ಕಿಟಕಿಯ ಕಡೆ ಒಂದು ಹೊಳಪಿನ ಚುಕ್ಕೆ. ಅಲ್ಲಿಂದ ಜಾರುತ್ತಾ ಜಾರುತ್ತಾ ನಸುಬೂದು. ಬೆಳಕು ಕೈಬಿಟ್ಟ ಕಡೆ ಒಂದು ಗಟ್ಟಿ ನೆರಳಿನ ಪಟ್ಟಿ. ಕಾಯಿಯ ತೀರಾ ಅಂಚು ಎಲ್ಲಕ್ಕಿಂತ ಕಪ್ಪಾಗಿರುತ್ತೆ ಅಂತ ನಾನು ತಿಳಿದಿದ್ದೆ. ಇಲ್ಲ! ಅಂಚಿಗೆ ಬಂದರೆ ಮತ್ತೆ ತುಸು ತಿಳಿಯಾಗಿತ್ತು.

"ಕಣ್ಣಿನ ಭ್ರಮೆಯಿರಬೇಕು" ಅಂದೆ.

ಮೇಷ್ಟ್ರು ಬಿಳಿ ಪಂಚೆ ಎಳೆದು, ತಮ್ಮ ಹಳೇ ಕಪ್ಪು ಕೊಡೆಯನ್ನು ಕಾಯಿಯ ಕೆಳಗೆ ಹಾಸಿದರು. ಅಂಚಿನ ಬೆಳಕು ಮಾಯ! ಪಂಚೆ ವಾಪಸ್ ಹಾಸಿದರು. ಬೆಳಕು ಹಾಜರ್! ಕಿಟಕಿಯ ಬೆಳಕು ಪಂಚೆಗೆ ಬಡಿದು, ಅಲ್ಲಿಂದ ಪುಟಿದು ಕಾಯಿಯ ಹೊಟ್ಟೆಯ ಕೆಳಗೆ ಸೇರುತ್ತಿತ್ತು. ನಾನು ಹುಚ್ಚನ ಹಾಗೆ ನಾಲ್ಕು ಸಲ ಕೊಡೆ ಹಾಸಿ ತೆಗೆದು ಮಾಡಿದೆ. ಇದನ್ನು ನೀವೂ ಮನೆಯಲ್ಲಿ ಮಾಡಿ ನೋಡಬಹುದು, ಒಂದು ಪೈಸೆ ಖರ್ಚಿಲ್ಲ.

ಲಾಲ್‌ಬಾಗಿನಲ್ಲೋ ಕಬ್ಬನ್ ಪಾರ್ಕಿನಲ್ಲೋ ಶೂಟಿಂಗ್ ನೋಡಿದವರಿಗೆ ನೆನಪಿರಬಹುದು. ನಾಯಕಿಯ ಕಾಲ ಬಳಿ ಒಬ್ಬ ಹುಡುಗ ಬಿಳಿ ಥರ್ಮೋಕೋಲ್ ಹಲಗೆ ಹಿಡಿದು ನಿಂತಿರುತ್ತಾನಲ್ಲ, ಅವನ ಕೆಲಸವೂ ಈ ಪಂಚೆಯ ಕೆಲಸವೇ. ನಮ್ಮ ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ, 1959ರ 'ಕಾಗಜ್ ಕೆ ಫೂಲ್'ನಲ್ಲಿ ಸ್ಟುಡಿಯೋದ ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಪುಟಿಸಿ ಒಳಗೆ ತಂದು, ಗುರುದತ್ ಮತ್ತು ವಹೀದಾ ನಡುವೆ ಒಂದು ಕಂಬದ ಹಾಗೆ ನಿಲ್ಲಿಸಿದರು. ಇಂದಿಗೂ ಆ ದೃಶ್ಯದ ಮಾತಾಡುತ್ತಾರೆ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತ ಹುಡುಗ ಅವರು. 1993ರ ನಮ್ಮ 'ಹೂವು ಹಣ್ಣು' ಚಿತ್ರಕ್ಕೂ ಕ್ಯಾಮೆರಾ ಅವರದ್ದೇ. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಸಿಕ್ಕಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಇದೆಲ್ಲ ನಾನು ಹಿಂದೆ ಲೇಖನಗಳಲ್ಲಿ ಬರೆದವನೇ! 'ನೆರಳು ಬೆಳಕಿನ ಮಾಂತ್ರಿಕ' ಅಂತ ಹೆಡ್ಡಿಂಗ್ ಬೇರೆ ಕೊಟ್ಟಿದ್ದೆ. ಆದರೆ ಬೆಳಕು ಪುಟಿಯೋದು ಅಂದರೇನು ಅಂತ ಗೊತ್ತಾದದ್ದು ಮಾವಳ್ಳಿಯಲ್ಲಿ, ಒಂದು ಕೊಡೆಯಿಂದ.

ಇದ್ದಿಲಿನ ವಿಷಯ ಹೇಳಲಿಲ್ಲ. ಅಂಗಡಿಯ ಚಾರ್‌ಕೋಲ್ ಕಡ್ಡಿಗೆ ದುಡ್ಡು ಹಾಕೋದು ಮೇಷ್ಟ್ರಿಗೆ ಆಗದು. ಹುಣಸೆ ಕಡ್ಡಿ ಒಣಗಿಸಿ, ಸಿಪ್ಪೆ ಹೆರೆದು, ಹಳೇ ಬೋರ್ನ್‌ವೀಟಾ ಡಬ್ಬಕ್ಕೆ ಒತ್ತೊತ್ತಾಗಿ ತುಂಬಿ ಮುಚ್ಚಳ ಬಿಗಿಯೋದು. ಮುಚ್ಚಳಕ್ಕೆ ಮೊಳೆಯಷ್ಟು ಒಂದೇ ತೂತು. ಡಬ್ಬವನ್ನು ಕೆಂಡದಲ್ಲಿ ಹೂತರೆ ತೂತಿನಿಂದ ಹೊಗೆ ಬರುತ್ತೆ. ಹೊಗೆ ನಿಂತಾಗ ತೆಗೆದು, ಪೂರಾ ಆರುವ ತನಕ ಮುಚ್ಚಳ ಮುಟ್ಟಬಾರದು. ನಾನು ಆತುರಗಾರ, ಬಿಸಿಯಲ್ಲೇ ತೆಗೆದೆ. ಗಾಳಿ ಹೊಕ್ಕದ್ದೇ ತಡ, ಕಡ್ಡಿಗಳು ಕೆಂಪಗೆ ಹೊತ್ತಿಕೊಂಡು ಬೂದಿ! ಗಾಳಿಯಿಲ್ಲದೆ ಸುಟ್ಟರೆ ಇದ್ದಿಲು, ಗಾಳಿ ಸಿಕ್ಕರೆ ವಿಭೂತಿ. ಹಳೇ ಕಾಲದ ರಾಜಸ್ಥಾನದ ಚಿಕ್ಕ ಚಿತ್ರಗಳವರೂ ಮೊದಲ ಗೆರೆಗೆ ಹುಣಸೆ ಇದ್ದಿಲನ್ನೇ ಬಳಸುತ್ತಿದ್ದರಂತೆ.

ಅಳಿಸೋದಕ್ಕೆ ರಬ್ಬರ್ ಅಲ್ಲ, ಬ್ರೆಡ್ಡು. ವಿ.ವಿ. ಪುರದ ಬೇಕರಿಯಿಂದ ನಾನೇ ಒಯ್ಯುತ್ತಿದ್ದೆ. ಅಂಚು ಕಿತ್ತು, ಒಳಗಿನ ಮೆತ್ತನೆ ಭಾಗವನ್ನು ಉಂಡೆ ಮಾಡಿ ಕಾಗದಕ್ಕೆ ಒತ್ತಿ ಎತ್ತಬೇಕು, ಉಜ್ಜಬಾರದು. ಇದ್ದಿಲಿನಲ್ಲಿ ಬಿಳುಪು ಹಾಗೆ ಬರೋದು. ಮೊದಲು ಕಾಗದವನ್ನೆಲ್ಲ ಬೂದು ಮಾಡಿ, ಆಮೇಲೆ ಬ್ರೆಡ್ಡಿನಿಂದ ಬೆಳಕನ್ನು ಹೊರಗೆ ತೆಗೆಯೋದು. ತೊಳೆದಷ್ಟು ಹೊಳಪು. ಅಂಚುಗಳನ್ನು ಮೇಷ್ಟ್ರು ಚಹಾದ ಜೊತೆ ತಿಂದುಬಿಡುತ್ತಿದ್ದರು.

ಎರಡು ತಿಂಗಳಾದ ಮೇಲೆ ಲೋಟಕ್ಕೆ ಬಡ್ತಿ ಸಿಕ್ಕಿತು. ಹಿತ್ತಾಳೆ ಲೋಟ. ಅದರ ಬಾಯಿ ದುಂಡಗೆ ಅಂತ ನಮಗೆ ಗೊತ್ತು, ಕಣ್ಣಿಗೆ ಮಾತ್ರ ಕೋಳಿಮೊಟ್ಟೆಯ ಹಾಗೆ ಚಪ್ಪಟೆ. ತಳ ಬಾಯಿಗಿಂತ ಹೆಚ್ಚು ದುಂಡಗೆ ಕಾಣುತ್ತೆ, ಯಾಕಂದರೆ ಅದು ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ. ನಾನು ತಳವನ್ನು ಸೀದಾ ಗೆರೆ ಎಳೆದಿದ್ದೆ. "ನೆಲಕ್ಕೆ ಕೂರ್ತಿಲ್ಲ, ಹಾರ್ತಿದೆ" ಅಂದರು. ಇನ್ನು ಲೋಹದ ಹೊಳಪು! ತೆಂಗಿನಕಾಯಿಯಲ್ಲಿ ಬೆಳಕು ಮೆಲ್ಲಗೆ ಜಾರಿದರೆ ಲೋಟದಲ್ಲಿ ಕಡುಗಪ್ಪಿನ ಪಕ್ಕದಲ್ಲೇ ಅಚ್ಚ ಬಿಳುಪು, ನಡುವೆ ಮಾತುಕತೆಯೇ ಇಲ್ಲ. ಈ ಹುಚ್ಚಿನಲ್ಲಿ ಒಂದು ದಿನ ಎಂ.ಟಿ.ಆರ್.ಗೆ ನುಗ್ಗಿ, ಅಲ್ಲಿನ ಪ್ರಸಿದ್ಧ ಬೆಳ್ಳಿ ಲೋಟದ ಕಾಫಿ ತರಿಸಿ, ಲೋಟವನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಕೂತೆ. "ಕಾಫಿ ಸರಿಯಿಲ್ವಾ ಸಾರ್?" ಅಂತ ಸಪ್ಲೈಯರ್ ಪಾಪ ಗಾಬರಿಯಾದ.

ಆಗಿನಿಂದ ನನ್ನ ಸಿನಿಮಾ ನೋಡುವ ರೀತಿಯೂ ಕೆಟ್ಟಿತು ಅನ್ನಿ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಮತ್ತೆ ನೋಡಿದೆ. ಕಪ್ಪು ಬಿಳುಪು, ಎಸ್. ರಾಮಚಂದ್ರ ಅವರ ಕ್ಯಾಮೆರಾ. ಕಥೆ ಬಿಟ್ಟು ಕಂಬದ ನೆರಳು ನೋಡುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಗೆಳೆಯ "ಏನೋ ಅಳ್ತಾ ಇದ್ದೀಯಾ?" ಅಂದ. ಇಲ್ಲ ಮಾರಾಯ, ಕಣ್ಣು ಕಿರಿದು ಮಾಡಿದ್ದೆ ಅಷ್ಟೇ.

ಇಲ್ಲಿಯ ತನಕ ತಮಾಷೆಯಾಗಿ ಬರೆದೆ. ಇನ್ನು ಮುಂದಿನದು ಬರೆಯೋದು ಸ್ವಲ್ಪ ಕಷ್ಟ.

ನಮ್ಮಪ್ಪ ಮೆಕ್ಯಾನಿಕ್. ಜೆ.ಸಿ. ರಸ್ತೆಯ ಒಂದು ಸಂದಿಯಲ್ಲಿ, ಗೋಡೆ ಮೇಲೆ ಶಂಕರ್‌ನಾಗ್ ಫೋಟೋ ಅಂಟಿಸಿದ ಗ್ಯಾರೇಜಿನಲ್ಲಿ ಮೂವತ್ತು ವರ್ಷದ ಮೇಲೆ ದುಡಿದವರು. ಚೀಟಿ ಎತ್ತಿ ನನ್ನನ್ನು ಪಿ.ಯು.ಸಿ. ಸೈನ್ಸಿಗೆ ಸೇರಿಸಿದರು. ಎರಡನೇ ವರ್ಷದ ಫಿಸಿಕ್ಸ್ ಪರೀಕ್ಷೆಯ ದಿನ ನಾನು ಹಾಲ್ ಟಿಕೆಟ್ ಜೇಬಿನಲ್ಲಿಟ್ಟುಕೊಂಡು ಟಾಕೀಸಿನಲ್ಲಿ ಕೂತಿದ್ದೆ. ಯಾವ ಸಿನಿಮಾ ಅಂತ ಕೇಳಬೇಡಿ, ನಾಚಿಕೆಯಾಗುತ್ತೆ. ಅಷ್ಟೇನೂ ಚೆನ್ನಾಗಿರಲಿಲ್ಲ. ಸಂಜೆ ಅಪ್ಪ "ಹೇಗೆ ಮಾಡಿದೆ?" ಅಂದರು. "ಚೆನ್ನಾಗಿ ಮಾಡಿದ್ದೀನಿ" ಅಂದೆ. ಫಲಿತಾಂಶದ ದಿನ ಎಲ್ಲ ಗೊತ್ತಾಯಿತು. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ನನ್ನ ಜೊತೆ ಮಾತು ಬಿಟ್ಟರು. ಹತ್ತು ವರ್ಷವಾಯಿತು. ಒಂದೇ ಮನೆ, ಒಂದೇ ಬಚ್ಚಲು. ಏನು ಹೇಳುವುದಿದ್ದರೂ ಅಮ್ಮನ ಮೂಲಕ: "ನಿನ್ನ ಮಗನಿಗೆ ಊಟಕ್ಕೆ ಬರಹೇಳು." "ನಿನ್ನ ಮಗನಿಗೆ ಹೇಳು, ಕರೆಂಟ್ ಬಿಲ್ ಕಟ್ಟಲಿ." ನಾನು ಬರೆದದ್ದು ಪತ್ರಿಕೆಯಲ್ಲಿ ಬಂದ ದಿನ ಅಮ್ಮ ಮೇಜಿನ ಮೇಲೆ ತೆರೆದಿಡುತ್ತಿದ್ದಳು. ಅಪ್ಪ ಅದರ ಮೇಲೆ ಟಿಫನ್ ಡಬ್ಬ ಇಡುತ್ತಿದ್ದರು.

(ಬೆಳಕು ಹೇಗೆ ಪುಟಿಯುತ್ತೆ ಅನ್ನುವ ಪಾಠ ಆ ಫಿಸಿಕ್ಸ್ ಪುಸ್ತಕದಲ್ಲೇ ಇತ್ತು. ಬಿಡಿ.)

ಈ ವರ್ಷ ಅಪ್ಪನ ಬಲಗೈ ಬೆರಳುಗಳು ಜೋಮು ಹಿಡಿಯತೊಡಗಿದವು. ನಟ್ಟು ಹಿಡಿದರೆ ಹಿಡಿದದ್ದೇ ಗೊತ್ತಾಗುತ್ತಿರಲಿಲ್ಲ. ಒಂದು ಸೋಮವಾರ ತಮ್ಮ ಕಬ್ಬಿಣದ ಟೂಲ್ ಪೆಟ್ಟಿಗೆಯನ್ನು ಆಟೋದಲ್ಲಿ ಹಾಕಿಕೊಂಡು ಮನೆಗೆ ಬಂದರು. ಬಾಗಿಲ ಬಳಿ ಇಟ್ಟು ಅಮ್ಮನಿಗೆ ಹೇಳಿದರು: "ಶನಿವಾರ ಗುಜರಿಯವನು ಬರ್ತಾನೆ. ಅಲ್ಲಿ ತನಕ ಇಲ್ಲೇ ಇರಲಿ."

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಪೆಟ್ಟಿಗೆ ತೆರೆದೆ. ಸುತ್ತಿಗೆ, ಕಟಿಂಗ್ ಪ್ಲೇಯರ್, ಸ್ಪ್ಯಾನರುಗಳು. ಮೇಲೆ ಒಂದು ಬನಿಯನ್ ಬಟ್ಟೆ, ಗ್ರೀಸ್ ವಾಸನೆ. ಒಂದು ಸ್ಪ್ಯಾನರು, ಹದಿನಾಲ್ಕು-ಹದಿನೈದರದ್ದು, ಆಮೇಲೆ ಸುತ್ತಿಗೆ, ಎರಡನ್ನೂ ಆ ಬಟ್ಟೆಯ ಮೇಲೆ ಇಟ್ಟೆ. ಟೇಬಲ್ ಲ್ಯಾಂಪಿನ ಸುತ್ತ ಶೂ ಡಬ್ಬ ಕತ್ತರಿಸಿ ಹಾಕಿ, ಬೆಳಕು ಒಂದೇ ಕಡೆಯಿಂದ ಬೀಳುವ ಹಾಗೆ ಮಾಡಿದೆ. ಯಾಕೆ ಬರೆಯಲು ಕೂತೆ? ಶನಿವಾರ ಅನ್ನುವ ಮಾತು ಕಿವಿಯಲ್ಲಿ ಕೂತಿತ್ತು, ಅಷ್ಟೇ.

ಲೋಟದ ಪಾಠ ಇಲ್ಲಿ ನಡೆಯಲಿಲ್ಲ. ಹಳೇ ಕಬ್ಬಿಣ ಹೊಳೆಯೋದಿಲ್ಲ. ಎಣ್ಣೆ ಕುಡಿದು ಕುಡಿದು ಅದರ ಬೆಳಕು ಮಂಕಾಗಿ ಮೈಯೊಳಗೆ ಕೂತಿರುತ್ತೆ. ಕೈ ಹಿಡಿಯುವ ಜಾಗ ಮಾತ್ರ ಸವೆದು ನಯವಾಗಿ ಸ್ವಲ್ಪ ಮಿನುಗುತ್ತಿತ್ತು. ಸುತ್ತಿಗೆಯ ಹಿಡಿಯ ಮೇಲೆ ಹೆಬ್ಬೆರಳು ಕೂತೂ ಕೂತೂ ಒಂದು ತಗ್ಗು ಬಿದ್ದಿತ್ತು. ಆ ತಗ್ಗಿನ ನೆರಳು ತೋರಿಸೋದಕ್ಕೇ ಎರಡು ರಾತ್ರಿ ಹೋಯಿತು. ಕಪ್ಪು ಹೆಚ್ಚಾದರೆ ತೂತು, ಕಡಿಮೆಯಾದರೆ ಕಲೆ.

ಗುರುವಾರ ರಾತ್ರಿ ಅಪ್ಪ ನೀರು ಕುಡಿಯಲು ಎದ್ದರು. ನನ್ನ ಹಿಂದೆ ಬಂದು ನಿಂತದ್ದು ಗೊತ್ತಾಯಿತು. ನಾನು ತಿರುಗಲಿಲ್ಲ. ಚೊಂಬು ಹಿಡಿದುಕೊಂಡೇ ನಿಂತಿದ್ದರು. ಎಷ್ಟು ಹೊತ್ತೋ.

"ಆ ಸ್ಪ್ಯಾನರ್ ಬಾಯಿ ಹಾಗಿಲ್ಲ."

ನನಗೇ ಹೇಳಿದ್ದು! ಅಮ್ಮ ಒಳಗೆ ಗೊರಕೆ ಹೊಡೆಯುತ್ತಿದ್ದಳು.

"ಹೇಗಿದೆ ಅಪ್ಪ?"

"ಒಂದು ಕಡೆ ಬಾಯಿ ಬಿಟ್ಟಿದೆ. ಗ್ಯಾರೇಜಿನ ಹುಡುಗನೊಬ್ಬ ಪೈಪ್ ಹಾಕಿ ಎಳೆದುಬಿಟ್ಟ. ಆವತ್ತಿಂದ ನಟ್ಟು ಜಾರುತ್ತೆ. ಓರೆ ಮಾಡಿ ಹಿಡೀಬೇಕು." ಬಗ್ಗಿ ಸ್ಪ್ಯಾನರ್ ಎತ್ತಿ ದೀಪಕ್ಕೆ ಹಿಡಿದರು. ನಿಜ. ಒಳಗಿನ ಒಂದು ಅಂಚು ಕೂದಲೆಳೆಯಷ್ಟು ಹೊರಗೆ ವಾಲಿತ್ತು. ನಾಲ್ಕು ರಾತ್ರಿ ಕಣ್ಣು ಕಿರಿದು ಮಾಡಿ ನೋಡಿದ್ದರೂ ನನಗೆ ಕಂಡಿರಲಿಲ್ಲ. "ಇಲ್ಲಿ" ಅಂತ ಹೇಳುತ್ತಾ ನನ್ನ ಕಾಗದದ ಮೇಲೆ ಹೆಬ್ಬೆರಳಿಟ್ಟರು. ಜೋಮು ಹಿಡಿದ ಬೆರಳು, ಎಷ್ಟು ಒತ್ತಿದೆ ಅಂತ ಅವರಿಗೆ ಗೊತ್ತಾಗಲಿಲ್ಲ. ಎತ್ತಿದಾಗ ಇದ್ದಿಲು ಕದಡಿ, ಸ್ಪ್ಯಾನರಿನ ಬಾಯೊಳಗೆ ಒಂದು ದಪ್ಪ ಕಪ್ಪು ಗುರುತು.

"ಅಯ್ಯೋ, ಕೆಡಿಸಿಬಿಟ್ಟೆ."

"ಇಲ್ಲ ಬಿಡಿ ಅಪ್ಪ."

ಅವರು ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡರು. "ಇದಕ್ಕೆ ದುಡ್ಡು ಕೊಡ್ತಾರಾ?"

"ಇಲ್ಲ."

"ಮತ್ತೆ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಅವರೂ ಕಾಯಲಿಲ್ಲ. "ಊಟ ಮಾಡಿದ್ಯಾ?" ಅಂದರು. ಮಾಡಿದ್ದೆ. "ಇಲ್ಲ" ಅಂದೆ. ಅಪ್ಪ ಅಡುಗೆಮನೆಗೆ ಹೋಗಿ ಅನ್ನದ ಪಾತ್ರೆ ತಂದಿಟ್ಟರು. ಆ ರಾತ್ರಿ ಎರಡನೇ ಸಲ ಉಂಡೆ.

ಶನಿವಾರ ಗುಜರಿಯವನು ಬಂದ. ಪೆಟ್ಟಿಗೆಯನ್ನು ಸಾಮಾನಿನ ಸಮೇತ ತಕ್ಕಡಿಗೆ ಹಾಕಿ ಕಿಲೋ ಲೆಕ್ಕದಲ್ಲಿ ತೂಗಿದ. ಅಪ್ಪ ಚೌಕಾಸಿ ಮಾಡಲಿಲ್ಲ. ತಕ್ಕಡಿಯ ಮೇಲೆ ಹದಿನಾಲ್ಕು-ಹದಿನೈದರ ಸ್ಪ್ಯಾನರು ಇರಲಿಲ್ಲ. ಎಲ್ಲಿ ಅಂತ ನಾನು ಕೇಳಲಿಲ್ಲ.

ಭಾನುವಾರ ಚಿತ್ರವನ್ನು ಪೇಪರಿನಲ್ಲಿ ಸುತ್ತಿಕೊಂಡು ಮಾವಳ್ಳಿಗೆ ಹೋದೆ. ಮೇಷ್ಟ್ರು ಕಿಟಕಿಗೆ ಹಿಡಿದು ನೋಡಿದರು. ಸುತ್ತಿಗೆಯ ಹಿಡಿ ನೋಡಿ ತಲೆಯಾಡಿಸಿದರು. ಬಟ್ಟೆಯ ಮಡಿಕೆಯ ಬಗ್ಗೆ ಬೈದರು. ಆಮೇಲೆ ಆ ಗುರುತು ಕಣ್ಣಿಗೆ ಬಿತ್ತು. "ಇದೇನೋ ಕೊಳಕು ಮಾಡ್ಕೊಂಡಿದ್ದೀಯ" ಅಂತ ಬ್ರೆಡ್ಡು ಕಿತ್ತು ಉಂಡೆ ಮಾಡಿ ಅದರ ಮೇಲೆ ಒತ್ತಲು ಹೋದರು. ಕೈ ಹಿಡಿದುಕೊಂಡೆ. ಗುರುಗಳ ಕೈ ಹಿಡಿದದ್ದು ಅದೇ ಮೊದಲು.

"ಅದು ನಂದಲ್ಲ ಮೇಷ್ಟ್ರೇ. ನಮ್ಮಪ್ಪಂದು."

ಮೇಷ್ಟ್ರು ಏನೂ ಕೇಳಲಿಲ್ಲ. ಆ ಹೆಬ್ಬೆರಳ ಗುರುತನ್ನು ಇನ್ನೊಮ್ಮೆ ಕಣ್ಣು ಕಿರಿದು ಮಾಡಿ ನೋಡಿದರು. ಕೈಯಲ್ಲಿದ್ದ ಬ್ರೆಡ್ಡಿನ ಉಂಡೆಯನ್ನು ಬಾಯಿಗೆ ಹಾಕಿಕೊಂಡರು. ಎದ್ದು ಹೋಗಿ ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿಟ್ಟಿದ್ದ ಶೀಷೆ ತಂದು, ಅದಕ್ಕೆ ಊದುವ ಕೊಳವೆ ಇಳಿಬಿಟ್ಟು, ಚಿತ್ರವನ್ನು ಗೋಡೆಗೆ ಒರಗಿಸಿ ಕೆನ್ನೆಯುಬ್ಬಿಸಿ ಊದಿದರು. ಮಂಜಿನ ಹಾಗೆ ಬಿತ್ತು. ಇನ್ನು ಯಾರು ಮುಟ್ಟಿದರೂ ಅಳಿಸುವುದಿಲ್ಲ. ಎಲ್ಲೂ ಬಿಡದ ಹಾಗೆ ಎರಡು ಸಲ ಊದಿದರು.

"ಒಣಗಲಿ. ಮುಟ್ಟಬೇಡ" ಅಂದರು. ಚಾಪೆ ಮೇಲೆ ಕೂತು, ಒಂದು ಬೀಡಿ ಹಚ್ಚಿ, ನನ್ನ ಕಡೆ ತಿರುಗಿದರು. "ಹೂಂ. ನಿಮ್ಮ ಪೇಪರಿನವರಿಗೆ ನನ್ನ ಹತ್ತಿರ ಏನೋ ಬೇಕಿತ್ತಲ್ಲ. ಕೇಳು."

ನಾನು ಆವತ್ತು ನೋಟ್‌ಬುಕ್ ತಂದಿರಲಿಲ್ಲ.